ಶೊಕುಇಕು
ಶೊಕುಇಕು: ಆಹಾರದ ಅರಿವನ್ನೂ ಹಿತಮಿತವಾದ ಊಟದ ರೂಢಿಯನ್ನೂ ಮಕ್ಕಳಲ್ಲಿ ಬೆಳೆಸುವ ಜಪಾನಿನ ಶಿಕ್ಷಣ ಕ್ರಮ. ಮೇಜಿ ಯುಗದ ಸೇನಾ ವೈದ್ಯ ಇಶಿಜುಕ ಸಾಗೆನ್ ಈ ಕಲ್ಪನೆಯ ಮೊದಲ ಪ್ರತಿಪಾದಕರಲ್ಲೊಬ್ಬ. ಈ ಶಿಕ್ಷಣಕ್ಕೆ ನೆಲೆಯಾದ ಶಾಲಾ ಊಟ 1889ರಲ್ಲಿ ತ್ಸುರುಒಕ ಎಂಬ ಊರಿನಲ್ಲಿ ಬಡ ಮಕ್ಕಳಿಗಾಗಿ ಆರಂಭವಾಗಿ, 1954ರಲ್ಲಿ ಕಾಯಿದೆಯ ಆಧಾರ ಪಡೆಯಿತು. ಬೆಳಗಿನ ಉಪಾಹಾರ ಬಿಡುವ ರೂಢಿ, ಬೊಜ್ಜು, ಆಮದು ಆಹಾರದ ಅವಲಂಬನೆ ಹೆಚ್ಚಿದಾಗ 2005ರಲ್ಲಿ ಶೊಕುಇಕು ಮೂಲ ಕಾಯಿದೆ ಜಾರಿಗೆ ಬಂತು. ಅದೇ ವರ್ಷ ಪೌಷ್ಟಿಕತೆಯ ಶಿಕ್ಷಕರ ಹುದ್ದೆಯೂ ರೂಪುಗೊಂಡಿತು.

ಈ ಪದ್ಧತಿಯ ನಿಜವಾದ ಬಲವಿರುವುದು ಶಾಲೆಯ ಮಧ್ಯಾಹ್ನದ ಊಟದಲ್ಲಿ. ಊಟವೂ ಇಲ್ಲಿ ಪಾಠದ ಭಾಗ. ಬಡಿಸುವ ಮೊದಲು ಮುಖ್ಯೋಪಾಧ್ಯಾಯರೋ ಬೇರೊಬ್ಬ ಹೊಣೆಗಾರರೋ ಉಂಡು ಪರೀಕ್ಷಿಸುತ್ತಾರೆ. ಸರದಿಯ ಮಕ್ಕಳು ಬಿಳಿ ಮೇಲಂಗಿ, ಟೋಪಿ, ಮುಖಗವಸು ತೊಟ್ಟು ಅನ್ನ, ಮಿಸೊ ಸಾರು, ಮೀನು ಅಥವಾ ತರಕಾರಿ ಬಡಿಸುತ್ತಾರೆ. ಶಿಕ್ಷಕರು ತರಗತಿಯಲ್ಲೇ ಅದೇ ಊಟ ಮಾಡುತ್ತಾರೆ. ಉಂಡ ಮೇಲೆ ತಟ್ಟೆ, ಪಾತ್ರೆಗಳನ್ನು ಮಕ್ಕಳೇ ಒಪ್ಪವಾಗಿ ಹಿಂದಿರುಗಿಸುತ್ತಾರೆ. ಆಯಾ ಊರಿನ ಬೆಳೆಯನ್ನು ಅಲ್ಲೇ ಬಳಸುವ ‘ಚಿಸಾನ್ ಚಿಶೊ’ ನೀತಿಯಂತೆ ಸ್ಥಳೀಯ ತರಕಾರಿ, ಸಾಂಪ್ರದಾಯಿಕ ಅಡುಗೆಗಳಿಗೆ ಊಟದ ಪಟ್ಟಿಯಲ್ಲಿ ಜಾಗವಿದೆ. ಹಲವು ಶಾಲೆಗಳಲ್ಲಿ ಮಕ್ಕಳು ಭತ್ತದ ನಾಟಿ, ಕೊಯ್ಲನ್ನೂ ಮಾಡುತ್ತಾರೆ. ಜೂನ್ ಶೊಕುಇಕು ಮಾಸ. ಪ್ರತಿ ತಿಂಗಳ 19ನೆಯ ತಾರೀಖು ಶೊಕುಇಕು ದಿನ.