ಕಥೇತರ ಬರಹದ ರಚನೆ

ಕಥೇತರ ಬರಹದ ರಚನೆ ಎಂದರೆ ಪಠ್ಯಪುಸ್ತಕ, ವಿಶ್ವಕೋಶ, ವರದಿ, ಕೈಪಿಡಿ, ವೃತ್ತಪತ್ರಿಕೆಯ ಲೇಖನ ಮೊದಲಾದ ಮಾಹಿತಿಪರ ಬರಹಗಳಲ್ಲಿ ವಿಷಯವನ್ನು ಜೋಡಿಸಿರುವ ಕ್ರಮ. ಇದಕ್ಕೆ ಎರಡು ಮುಖಗಳಿವೆ. ಶೀರ್ಷಿಕೆ, ಪರಿವಿಡಿ, ಕೋಷ್ಟಕ, ನಕ್ಷೆ ಮುಂತಾಗಿ ಪುಟದ ಮೇಲೆ ಕಣ್ಣಿಗೆ ಕಾಣುವ ಅಂಗಗಳನ್ನು ಪಠ್ಯಲಕ್ಷಣಗಳು ಎಂದು ಕರೆಯಲಾಗುತ್ತದೆ. ಅನುಕ್ರಮ, ಹೋಲಿಕೆ, ಕಾರಣ–ಪರಿಣಾಮ ಮುಂತಾದವು ವಾಕ್ಯಗಳ ನಡುವಣ ಸಂಬಂಧದಿಂದ ಗ್ರಹಿಸಬೇಕಾದ ಒಳಜೋಡಣೆಗಳು. ಇವನ್ನು ನಿರೂಪಣಾ ವಿನ್ಯಾಸಗಳು ಎನ್ನಬಹುದು. ಕಥೆಯನ್ನು ಓದುವವರಿಗೆ ಪಾತ್ರಗಳೂ ಘಟನೆಗಳೂ ದಾರಿ ತೋರಿಸುತ್ತವೆ. ಮಾಹಿತಿಪರ ಬರಹದಲ್ಲಿ ಆ ಕೆಲಸವನ್ನು ಮಾಡುವುದು ಈ ಎರಡು.

ಮಹತ್ವ

ಅಮೆರಿಕದ ಶಿಕ್ಷಣತಜ್ಞೆ ಜೀನ್ ಚಾಲ್ ಅವರು 1983ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಓದಿನ ಬೆಳವಣಿಗೆಯನ್ನು ಹಲವು ಹಂತಗಳಾಗಿ ವಿಂಗಡಿಸಿ, ಓದಲು ಕಲಿಯುವುದಕ್ಕೂ ಕಲಿಯಲು ಓದುವುದಕ್ಕೂ ಇರುವ ಅಂತರವನ್ನು ಸ್ಪಷ್ಟಪಡಿಸಿದರು. ಸುಮಾರು ನಾಲ್ಕನೆಯ ತರಗತಿಯ ವೇಳೆಗೆ ಮಗು ಈ ಎರಡನೆಯ ಹಂತಕ್ಕೆ ಕಾಲಿಡುತ್ತದೆ. ವಿಜ್ಞಾನ, ಸಮಾಜ ವಿಜ್ಞಾನಗಳ ಪಾಠಗಳು ದಟ್ಟವಾಗುವುದೂ ಆಗಲೇ. ಅದುವರೆಗೆ ಕಥೆ, ಪದ್ಯಗಳನ್ನು ನಿರರ್ಗಳವಾಗಿ ಓದುತ್ತಿದ್ದ ವಿದ್ಯಾರ್ಥಿ ಪಾಠವನ್ನು ತಡವರಿಸದೆ ಓದಿ ಮುಗಿಸಿಯೂ 'ಏಕೆ?' ಎಂಬ ಪ್ರಶ್ನೆಗೆ ಉತ್ತರಿಸಲಾರದೆ ನಿಲ್ಲುವುದುಂಟು. ಅಕ್ಷರಜ್ಞಾನದ ಕೊರತೆಯಷ್ಟು ಇದು ಹೊರಗೆ ಕಾಣದು. ಆದುದರಿಂದಲೇ ಹೆಚ್ಚು ಹಾನಿಕರ. ಕಾರಣಗಳಲ್ಲಿ ಒಂದು ರೂಢಿಯ ಅಭಾವ. ಅಮೆರಿಕದ 20 ಒಂದನೆಯ ತರಗತಿಗಳನ್ನು ಗಮನಿಸಿ ನೆಲ್ ಡ್ಯೂಕ್ ಅವರು 2000ದಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಆ ಮಕ್ಕಳು ಮಾಹಿತಿಪರ ಬರಹದೊಡನೆ ಕಳೆಯುತ್ತಿದ್ದ ಕಾಲ ದಿನಕ್ಕೆ ಸರಾಸರಿ 3.6 ನಿಮಿಷ ಮಾತ್ರ.

ಪಠ್ಯಲಕ್ಷಣಗಳು

ಪಠ್ಯಲಕ್ಷಣಗಳಲ್ಲಿ ಕೆಲವು ಹುಡುಕಲು ನೆರವಾಗುತ್ತವೆ, ಕೆಲವು ತಿಳಿಯಲು. ಪರಿವಿಡಿ ಪುಸ್ತಕದ ಆರಂಭದಲ್ಲಿದ್ದು ಅಧ್ಯಾಯಗಳನ್ನು ಪುಟಗಳ ಕ್ರಮದಲ್ಲಿ ತಿಳಿಸುತ್ತದೆ. ಅಕಾರಾದಿ ಸೂಚಿ ಕೊನೆಯಲ್ಲಿದ್ದು, ಒಂದೊಂದು ಪದವೂ ಯಾವ ಯಾವ ಪುಟಗಳಲ್ಲಿ ಬಂದಿದೆಯೆಂದು ತೋರಿಸುತ್ತದೆ. ಕನ್ನಡದ ಸೂಚಿಯನ್ನು ಬಳಸಬೇಕಾದರೆ ವರ್ಣಮಾಲೆಯ ಜೊತೆಗೆ ಕಾಗುಣಿತದ ಕ್ರಮವೂ ನೆನಪಿರಬೇಕು: 'ಕಾವೇರಿ' ಮೊದಲು, 'ಕೊಡಗು' ಅನಂತರ, 'ಬೆಲ್ಲ' ಮೊದಲು, 'ಬೆಳ್ಳಿ' ಅನಂತರ. ಕಾಗುಣಿತವನ್ನು ಬಾಯಿಪಾಠ ಮಾಡಿಯೂ ನಿಘಂಟಿನಲ್ಲಿ ಪದ ಹುಡುಕಲು ತಿಣುಕುವ ವಿದ್ಯಾರ್ಥಿಗಳು ಇಂದಿಗೂ ಕಡಮೆಯಿಲ್ಲ.

ಕೋಷ್ಟಕ, ನಕ್ಷೆ, ರೇಖಾಚಿತ್ರ, ಚಿತ್ರದ ಕೆಳಗಿನ ವಿವರಣೆ, ಚೌಕಟ್ಟಿನೊಳಗಿನ ಟಿಪ್ಪಣಿ ಇವು ತಿಳಿವಿಗೆ ನೆರವಾಗುವಂಥವು. ಇವನ್ನು ಅಲಂಕಾರವೆಂದು ಭಾವಿಸಿ ದಾಟಿಹೋಗುವುದು ಸಾಮಾನ್ಯ. ಆದರೆ ಮಳೆಯ ಹಂಚಿಕೆಯ ನಕ್ಷೆಯಲ್ಲಿ ಬಣ್ಣಗಳ ಅರ್ಥವನ್ನು ತಿಳಿಸುವ ಸಂಕೇತಸೂಚಿಯನ್ನು ನೋಡದವರಿಗೆ ಆ ನಕ್ಷೆ ಬರಿಯ ಬಣ್ಣದ ಚಿತ್ರವಾಗಿ ಉಳಿಯುತ್ತದೆ. ಕೋಷ್ಟಕವನ್ನು ಓದುವಾಗ ಮೊದಲು ನೋಡಬೇಕಾದದ್ದು ಅಂಕಿಗಳನ್ನಲ್ಲ, ಅಡ್ಡ ಮತ್ತು ಉದ್ದ ಸಾಲುಗಳ ತಲೆಬರಹಗಳನ್ನು ಹಾಗೂ ಅಳತೆಯ ಮಾನವನ್ನು.

ಇಂಗ್ಲಿಷಿನಲ್ಲಿರುವ ದೊಡ್ಡಕ್ಷರ–ಚಿಕ್ಕಕ್ಷರಗಳ ಭೇದ ಕನ್ನಡ ಲಿಪಿಯಲ್ಲಿಲ್ಲ. ಹೀಗಾಗಿ ಅಂಕಿತನಾಮವಾಗಲಿ ಹೊಸ ವಾಕ್ಯದ ಮೊದಲಾಗಲಿ ಅಕ್ಷರದ ಆಕಾರದಿಂದ ಗೊತ್ತಾಗುವುದಿಲ್ಲ. ಪಾರಿಭಾಷಿಕ ಪದಗಳನ್ನು ಎತ್ತಿ ತೋರಿಸಲು ಕನ್ನಡ ಪಠ್ಯಪುಸ್ತಕಗಳು ದಪ್ಪಕ್ಷರವನ್ನೂ ಉದ್ಧರಣ ಚಿಹ್ನೆಯನ್ನೂ ಅವಲಂಬಿಸುತ್ತವೆ.

ನಿರೂಪಣಾ ವಿನ್ಯಾಸಗಳು

ಬಾನಿ ಮೇಯರ್ ಅವರು 1975ರಲ್ಲಿ ಪ್ರಕಟಿಸಿದ ಕೃತಿ ಈ ಕ್ಷೇತ್ರದ ಮೂಲಗ್ರಂಥಗಳಲ್ಲೊಂದು. ಅವರ ಅಧ್ಯಯನಗಳ ಆಧಾರದ ಮೇಲೆ ಶಾಲೆಗಳಲ್ಲಿ ಸಾಮಾನ್ಯವಾಗಿ ಐದು ವಿನ್ಯಾಸಗಳನ್ನು ಕಲಿಸಲಾಗುತ್ತದೆ: ವಿವರಣೆ, ಅನುಕ್ರಮ, ಹೋಲಿಕೆ, ಕಾರಣ–ಪರಿಣಾಮ, ಸಮಸ್ಯೆ–ಪರಿಹಾರ.

ವಿನ್ಯಾಸವು ವಿಷಯಕ್ಕೆ ಅಂಟಿಕೊಂಡಿರುವುದಲ್ಲ, ಬರೆಯುವವರ ಉದ್ದೇಶಕ್ಕೆ ತಕ್ಕಂತೆ ಬದಲಾಗುವುದು. ಕೆರೆಯನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಏರಿ, ತೂಬು, ಕೋಡಿ, ಅಚ್ಚುಕಟ್ಟುಗಳನ್ನು ಒಂದೊಂದಾಗಿ ಪರಿಚಯಿಸಿದರೆ ಅದು ವಿವರಣೆ. ಮಳೆಯ ನೀರು ಕಾಲುವೆಯ ಮೂಲಕ ಕೆರೆಗೆ ಬಂದು, ಕೆರೆ ತುಂಬಿದ ಮೇಲೆ ಕೋಡಿಯಿಂದ ಹರಿದು ಕೆಳಗಿನ ಕೆರೆಯನ್ನು ಸೇರುವುದನ್ನು ಹೇಳಿದರೆ ಅನುಕ್ರಮ. ಕೆರೆಯ ನೀರಾವರಿಯನ್ನು ಕೊಳವೆಬಾವಿಯ ನೀರಾವರಿಯೊಡನೆ ಇಟ್ಟು ನೋಡಿದರೆ ಹೋಲಿಕೆ. ಹೂಳು ತುಂಬಿದ ಕಾರಣ ಕೆರೆಯಲ್ಲಿ ನೀರು ನಿಲ್ಲುವ ಪ್ರಮಾಣ ಕುಗ್ಗುವುದನ್ನು ತೋರಿಸಿದರೆ ಕಾರಣ–ಪರಿಣಾಮ. ಹೂಳೆತ್ತುವ ಬಗೆಯನ್ನು ಚರ್ಚಿಸಿದರೆ ಸಮಸ್ಯೆ–ಪರಿಹಾರ. ಕೆರೆ ಒಂದೇ ಆದರೂ ಓದುಗರು ನೆನಪಿನಲ್ಲಿಡಬೇಕಾದದ್ದು ಪ್ರತಿ ಸಲವೂ ಬೇರೆ.

ದೀರ್ಘ ಬರಹಗಳಲ್ಲಿ ಇವು ಬೆರೆತೇ ಬರುತ್ತವೆ. ಇತಿಹಾಸದ ಪಾಠಗಳಲ್ಲಿ ಇದರಿಂದ ಒಂದು ತೊಡಕು ಹುಟ್ಟುತ್ತದೆ. ಘಟನೆಗಳು ಇಸವಿಗಳ ಕ್ರಮದಲ್ಲಿ ನಿರೂಪಿತವಾಗಿರುವುದರಿಂದ ಮೇಲುನೋಟಕ್ಕೆ ಪಾಠ ಅನುಕ್ರಮದ್ದಾಗಿ ಕಾಣುತ್ತದೆ. ಲೇಖಕರ ಉದ್ದೇಶವೋ ಕಾರಣಗಳನ್ನು ತೋರಿಸುವುದು. ಇಸವಿಗಳನ್ನು ಮಾತ್ರ ಉರು ಹೊಡೆದವರಿಗೆ ಈ ಕಾರಣಗಳು ಕೈತಪ್ಪುತ್ತವೆ. ಇದಕ್ಕೆ ವಿರುದ್ಧವಾದ ತಪ್ಪೂ ಉಂಟು: ಮೊದಲು ನಡೆದದ್ದೆಲ್ಲ ಅನಂತರ ನಡೆದುದಕ್ಕೆ ಕಾರಣವೆಂದು ಭಾವಿಸುವುದು. ಶೀರ್ಷಿಕೆಯನ್ನೂ ಪೂರ್ತಿಯಾಗಿ ನಂಬುವಂತಿಲ್ಲ. 'ಪರಿಣಾಮಗಳು' ಎಂಬ ತಲೆಬರಹದ ಕೆಳಗೆ ಬರಿಯ ವಿವರಣೆಯೇ ಇರುವ ಪಾಠಗಳು ಸಿಗುತ್ತವೆ.

ಕನ್ನಡದಲ್ಲಿ ಸೂಚಕಗಳು

ವಿನ್ಯಾಸವನ್ನು ಗುರುತಿಸಲು 'ಏಕೆಂದರೆ', 'ಆದ್ದರಿಂದ', 'ಮೊದಲು', 'ಅನಂತರ', 'ಆದರೆ', 'ಅದೇ ರೀತಿ' ಮುಂತಾದ ಸೂಚಕ ಪದಗಳಿಗೆ ಗೆರೆ ಎಳೆಯುವ ಅಭ್ಯಾಸ ಬಳಕೆಯಲ್ಲಿದೆ. ಇಂಗ್ಲಿಷಿನ ಪಟ್ಟಿಗಳನ್ನು ಹಾಗೆಯೇ ಕನ್ನಡಕ್ಕೆ ತಂದುಕೊಂಡರೆ ಈ ಅಭ್ಯಾಸ ಸಾಲದಾಗುತ್ತದೆ. ಇಂಗ್ಲಿಷಿನಲ್ಲಿ ಬಿಡಿಪದವಾಗಿ ನಿಲ್ಲುವ ಸೂಚಕ ಕನ್ನಡದಲ್ಲಿ ಎಷ್ಟೋ ವೇಳೆ ಪ್ರತ್ಯಯವಾಗಿ ಪದದ ಕೊನೆಯಲ್ಲಿ ಸೇರಿರುತ್ತದೆ. 'ಮಳೆ ತಡವಾದ್ದರಿಂದ ಬಿತ್ತನೆ ಹಿಂದೆ ಬಿತ್ತು' ಎಂಬಲ್ಲಿ ಕಾರಣವನ್ನು ಹೇಳುವ ಭಾಗ ಕ್ರಿಯಾಪದದೊಳಗೆ ಅಡಗಿದೆ.

ಒಂದೇ ರೂಪಕ್ಕೆ ಹಲವು ಅರ್ಥಗಳಿರುವುದೂ ಗಮನಾರ್ಹ. 'ಮೈಸೂರಿನಿಂದ ಬಂದರು' ಎಂಬಲ್ಲಿ 'ಇಂದ' ಸ್ಥಳವನ್ನೂ 'ಕುಡುಗೋಲಿನಿಂದ ಕೊಯ್ದರು' ಎಂಬಲ್ಲಿ ಸಾಧನವನ್ನೂ 'ಬರದಿಂದ ಬಳಲಿದರು' ಎಂಬಲ್ಲಿ ಕಾರಣವನ್ನೂ ಹೇಳುತ್ತದೆ. 'ಆದರೆ' ಎಂಬುದು ವಾಕ್ಯದ ಮೊದಲಲ್ಲಿ ವಿರೋಧವನ್ನು ಸೂಚಿಸಿದರೆ, 'ಮಳೆಯಾದರೆ' ಎಂಬಲ್ಲಿ ಷರತ್ತನ್ನು ಸೂಚಿಸುತ್ತದೆ. ಇನ್ನು 'ಏರಿ ಒಡೆದು ಗದ್ದೆಗಳು ಮುಳುಗಿದವು' ಎಂಬ ವಾಕ್ಯದಲ್ಲಿ ಯಾವ ಸೂಚಕ ಪದವೂ ಇಲ್ಲ; ಆದರೂ 'ಒಡೆದು' ಎಂಬ ಕೃದಂತವೊಂದೇ ಅನುಕ್ರಮ, ಕಾರಣ ಎರಡನ್ನೂ ಹೊತ್ತಿದೆ. ಹೀಗಾಗಿ ಕನ್ನಡ ಓದುಗರು ಪದವನ್ನು ಹುಡುಕುವುದಕ್ಕಿಂತ ಎರಡು ವಾಕ್ಯಗಳ ನಡುವೆ ಪ್ರಶ್ನೆಯೊಂದನ್ನು ಇಟ್ಟು ನೋಡುವುದು ಹೆಚ್ಚು ಫಲಕಾರಿ: ಎರಡನೆಯದು ಮೊದಲನೆಯದನ್ನು ವಿವರಿಸುತ್ತಿದೆಯೆ, ಅದರಿಂದ ಉಂಟಾಗಿದೆಯೆ, ಅದಕ್ಕೆ ಎದುರಾಗಿದೆಯೆ?

ಭಾರತೀಯ ಪರಂಪರೆಯಲ್ಲಿ

ಗ್ರಂಥದ ರಚನೆಯನ್ನು ಗಮನಿಸಿ ಓದುವ ಕ್ರಮ ಭಾರತದಲ್ಲಿ ಹಳೆಯದು. ಶಾಸ್ತ್ರಗ್ರಂಥದ ಆರಂಭದಲ್ಲಿಯೇ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ತಿಳಿಸಬೇಕೆಂಬ ನಿಯಮವಿತ್ತು. ಇದಕ್ಕೆ ಅನುಬಂಧ ಚತುಷ್ಟಯವೆಂದು ಹೆಸರು. ಗ್ರಂಥದ ತಾತ್ಪರ್ಯವನ್ನು ನಿರ್ಣಯಿಸಲು ಉಪಕ್ರಮ–ಉಪಸಂಹಾರ, ಅಭ್ಯಾಸ, ಅಪೂರ್ವತೆ, ಫಲ, ಅರ್ಥವಾದ, ಉಪಪತ್ತಿ ಎಂಬ ಆರು ಲಿಂಗಗಳನ್ನು ಹೇಳಲಾಗಿದೆ. ಇಲ್ಲಿ ಅಭ್ಯಾಸವೆಂದರೆ ಮತ್ತೆ ಮತ್ತೆ ಹೇಳಿರುವುದು. ಆರಂಭವನ್ನೂ ಮುಕ್ತಾಯವನ್ನೂ ಜೊತೆಗಿಟ್ಟು ನೋಡಬೇಕು, ಪುನರಾವೃತ್ತಿಯನ್ನು ಗಮನಿಸಬೇಕು ಎಂಬ ಇಂದಿನ ತರಗತಿಯ ಸಲಹೆಗಳಿಗೆ ಇವು ತೀರ ಹತ್ತಿರವಾಗಿವೆ. ಕನ್ನಡದಲ್ಲಿ ಹದಿಮೂರನೆಯ ಶತಮಾನದ ಕೇಶಿರಾಜನ 'ಶಬ್ದಮಣಿದರ್ಪಣ' ಉತ್ತಮ ನಿದರ್ಶನ. ಕಂದಪದ್ಯದಲ್ಲಿ ಸೂತ್ರ, ಗದ್ಯದಲ್ಲಿ ವೃತ್ತಿ, ಅನಂತರ ಪ್ರಯೋಗ ಎಂಬ ಅದರ ಕ್ರಮ ತಿಳಿದವರಿಗೆ ನಿಯಮ ಯಾವುದು, ಉದಾಹರಣೆ ಯಾವುದು ಎಂಬ ಗೊಂದಲವಾಗದು.

ಬೋಧನೆ ಮತ್ತು ಬಳಕೆ

ಫ್ರಾನ್ಸಿಸ್ ರಾಬಿನ್ಸನ್ ಅವರು 1946ರಲ್ಲಿ ರೂಪಿಸಿದ ಐದು ಹೆಜ್ಜೆಗಳ ಓದಿನ ಕ್ರಮ ಪ್ರಸಿದ್ಧವಾಗಿದೆ. ಮೊದಲು ಶೀರ್ಷಿಕೆಗಳ ಮೇಲೆ ಕಣ್ಣಾಡಿಸುವುದು, ಅವನ್ನು ಪ್ರಶ್ನೆಗಳಾಗಿ ಮಾರ್ಪಡಿಸುವುದು, ಉತ್ತರಕ್ಕಾಗಿ ಓದುವುದು, ಪುಸ್ತಕ ಮುಚ್ಚಿ ಹೇಳಿಕೊಳ್ಳುವುದು, ಕೊನೆಗೆ ಮರಳಿ ನೋಡುವುದು. ಇವುಗಳಲ್ಲಿ ತರಗತಿಗಳಲ್ಲಿ ಹೆಚ್ಚಾಗಿ ಬಿಟ್ಟುಹೋಗುವುದು ಎರಡನೆಯದು, ಮುಖ್ಯವಾದದ್ದೂ ಅದೇ. ಮೇಯರ್ ಮತ್ತು ಸಂಗಡಿಗರು 1980ರಲ್ಲಿ ಪ್ರಕಟಿಸಿದ, ಒಂಬತ್ತನೆಯ ತರಗತಿಯವರನ್ನು ಕುರಿತ ಅಧ್ಯಯನದಲ್ಲಿ, ಲೇಖಕರು ಬಳಸಿದ ವಿನ್ಯಾಸವನ್ನೇ ಅನುಸರಿಸಿ ಓದಿದ್ದನ್ನು ಮರಳಿ ಬರೆದ ವಿದ್ಯಾರ್ಥಿಗಳು ಇತರರಿಗಿಂತ ಹೆಚ್ಚಿನ ಅಂಶಗಳನ್ನು ನೆನಪಿನಲ್ಲಿಟ್ಟುಕೊಂಡಿದ್ದರು.

ಪರೀಕ್ಷೆಯ ಪ್ರಶ್ನೆಗಳೂ ಈ ವಿನ್ಯಾಸಗಳನ್ನೇ ಕೇಳುತ್ತವೆ. 'ಕಾರಣ ಕೊಡಿ', 'ವ್ಯತ್ಯಾಸ ತಿಳಿಸಿ', 'ಹಂತಗಳನ್ನು ಬರೆಯಿರಿ', 'ಪರಿಹಾರ ಕ್ರಮಗಳನ್ನು ಸೂಚಿಸಿ' ಎಂಬವು ಒಂದೊಂದೂ ಬೇರೆ ಬೇರೆ ಜೋಡಣೆಯ ಉತ್ತರವನ್ನು ಬಯಸುತ್ತವೆ. ವ್ಯತ್ಯಾಸ ಕೇಳಿದಾಗ ಎರಡು ವಸ್ತುಗಳ ವಿವರಣೆಯನ್ನು ಒಂದರ ಕೆಳಗೊಂದು ಬರೆದ ವಿದ್ಯಾರ್ಥಿಗೆ ವಿಷಯ ತಿಳಿದಿದ್ದರೂ ಉತ್ತರ ಅರೆಯಾಗಿಯೇ ಉಳಿಯುತ್ತದೆ. ಅಂಶಕ್ಕೆ ಅಂಶವನ್ನು ಎದುರಿಟ್ಟು ಬರೆದಾಗ ಮಾತ್ರ ಅದು ಹೋಲಿಕೆಯಾಗುತ್ತದೆ.