ಮೇಣದ ಕೆಳಗಿನ ಹೆಸರು

ಸಿಂಧನೂರಿನಿಂದ ಮಸ್ಕಿ ಮೇಲೆ ಹಾದು ಲಿಂಗಸುಗೂರಿಗೆ ಹೋಗೋ ದಾರಿಯಲ್ಲಿ ಕಾರು ಸ್ವಚ್ಛ ಉಳಿಯೋದು ಅಷ್ಟರಲ್ಲೇ ಇದೆ. ಭತ್ತದ ಕಟಾವಿನಲ್ಲಿ ಹೊಟ್ಟು, ಬೇಸಿಗೆಯಲ್ಲಿ ಎರೆಮಣ್ಣಿನ ಧೂಳು, ವರ್ಷವಿಡೀ ಟ್ರ್ಯಾಕ್ಟರುಗಳ ಹೊಗೆ. ಇದಕ್ಕೆಲ್ಲ ನಮ್ಮಪ್ಪ ಕಂಡುಕೊಂಡಿದ್ದ ಔಷಧ ಒಂದೇ: ಮೇಣ. ಹಬ್ಬಕ್ಕೊಂದು ಕೈ, ಜಾತ್ರೆಗೊಂದು ಕೈ, ಆಯುಧ ಪೂಜೆಗಂತೂ ಎರಡು ಕೈ. ಹದಿನೈದು ವರ್ಷ ಹೀಗೇ ನಡೀತು.

ಕೊನೆಗೆ ನೀಲಿ ಕಾರಿನ ಮೇಲೆ ಹಾಲಿನ ಕೆನೆಯಂಥ ಪೊರೆ ಕೂತಿತ್ತು. ಬಾಗಿಲಿನ ಸಂದು, ಕಂಪನಿ ಲಾಂಛನದ ಸುತ್ತ, ರಬ್ಬರ್ ಪಟ್ಟಿಯ ಅಂಚಲ್ಲಿ ಬಿಳಿ ಹಕ್ಕಳೆ. ಡಿಕ್ಕಿಯ ಮೇಲೆ ಅಪ್ಪ ಯಾವತ್ತೋ ಪೇಂಟರ್ ಕೈಲಿ ಬರೆಸಿದ್ದ ನಮ್ಮಜ್ಜಿಯ ಹೆಸರೂ ಮಸುಕಾಗಿತ್ತು. ರಜೆಗೆ ಊರಿಗೆ ಹೋದವನು ಎಂಜಿನಿಯರ್ ಅನ್ನೋ ಜಂಬದಲ್ಲಿ ಥಿನ್ನರ್‌ನಲ್ಲಿ ಬಟ್ಟೆ ಅದ್ದಿ ಜೋರಾಗಿ ತಿಕ್ಕಿದೆ. ಮೇಣ ಹೋಯ್ತು. ಜೊತೆಗೆ ಅಜ್ಜಿಯ ಹೆಸರಿನ ಮೊದಲಕ್ಷರದ ಅರ್ಧವೂ ಬಟ್ಟೆಗೆ ಬಂತು.

ಅಪ್ಪ ಬಂದು ನೋಡಿದರು. "ಹೋಗ್ಲಿ ಬಿಡು ತಮ್ಮಾ" ಅಂದರು, ಅಷ್ಟೇ. ಬೈದಿದ್ದರೆ ವಾಸಿ ಇತ್ತು.

ಆ ರಾತ್ರಿ ಶುರುವಾದ ಓದು ಇದು. ಕಾರಿಗೆ ಮೇಣ ಹಚ್ಚೋ ಅಭ್ಯಾಸ ಬಂದಿದ್ದು ಎಲ್ಲಿಂದ? 1920ರ ದಶಕದವರೆಗೆ ಕಾರಿಗೆ ಬ್ರಷ್ಷಿನಿಂದ ಬಣ್ಣ ಹಚ್ಚಿ, ಒಣಗಲಿಕ್ಕೆ ದಿನಗಟ್ಟಲೆ, ಕೆಲವು ಸಲ ವಾರಗಟ್ಟಲೆ ಕಾಯಬೇಕಿತ್ತು. ಆಗ ಅಮೆರಿಕದ ಡುಪಾಂಟ್ ಕಂಪನಿ 'ಡ್ಯೂಕೋ' ಅನ್ನೋ ನೈಟ್ರೋಸೆಲ್ಯುಲೋಸ್ ಬಣ್ಣ ತಂದಿತು. ಜನರಲ್ ಮೋಟರ್ಸ್ ಅದನ್ನು 1924ರ ಮಾದರಿಯ ಓಕ್ಲೆಂಡ್ ಕಾರಿಗೆ ಬಳಿಯಿತು. ಬಣ್ಣ ಬೇಗ ಒಣಗ್ತಿತ್ತು, ಆದರೆ ಬಿಸಿಲಿಗೆ ಬೇಗ ಮಂಕಾಗ್ತಿತ್ತು. ಹೊಳಪು ಬೇಕಂದರೆ ಉಜ್ಜಬೇಕು, ಉಜ್ಜಿದ್ದು ನಿಲ್ಲಬೇಕಂದರೆ ಮೇಣ ಹಚ್ಚಬೇಕು. ಬ್ರೆಜಿಲ್ ದೇಶದ ಒಂದು ಜಾತಿಯ ತಾಳೆ ಎಲೆಯಿಂದ ತೆಗೆಯೋ ಕಾರ್ನೂಬಾ ಮೇಣಕ್ಕೆ ಅಲ್ಲಿಂದ ಯೋಗ ಕೂಡಿಬಂತು. ಅದು ಕರಗೋದು 82 ಡಿಗ್ರಿ ಸೆಲ್ಸಿಯಸ್ ಮೇಲೆ. ಜೇನುಮೇಣ 62-64ಕ್ಕೇ ಕರಗುತ್ತೆ. ನಮ್ಮ ರಾಯಚೂರು ಕಡೆಯ ಏಪ್ರಿಲ್ ಬಿಸಿಲಲ್ಲಿ ನಿಂತ ಬಾನೆಟ್ಟಿನ ಮೇಲೆ ಮೆತ್ತನೆಯ ಮೇಣ ಇನ್ನೂ ಮೆತ್ತಗಾಗಿ ಧೂಳನ್ನ ಹಿಡಿದಿಟ್ಟುಕೊಳ್ಳೋದರಲ್ಲಿ ಆಶ್ಚರ್ಯ ಏನಿದೆ?

1980ರ ದಶಕದ ಹೊತ್ತಿಗೆ ಬಣ್ಣದ ಮೇಲೆ ಪಾರದರ್ಶಕ ಕ್ಲಿಯರ್‌ಕೋಟ್ ಬಳಿಯೋ ಪದ್ಧತಿ ಹರಡಿತು. ಹೊಳಪು ಈಗ ಆ ಪದರದ್ದೇ. ಮೇಣ ಅದರ ಮೇಲಿನ ತೆಳು ರಕ್ಷಣೆ ಅಷ್ಟೇ, ಹೆಚ್ಚು ಹಚ್ಚಿದರೆ ಹೆಚ್ಚು ಹೊಳೆಯೋದಿಲ್ಲ. ಬಣ್ಣ ಬದಲಾಯ್ತು, ನಮ್ಮಪ್ಪನಂಥವರ ಕೈ ಅಭ್ಯಾಸ ಬದಲಾಗಲಿಲ್ಲ. ಆ ಕ್ಲಿಯರ್‌ಕೋಟಿನ ದಪ್ಪ ಸುಮಾರು 40-50 ಮೈಕ್ರಾನ್, ಅಂದರೆ ತಲೆಗೂದಲಿಗಿಂತ ತೆಳು. ಮೆಷಿನ್ನಿಗೆ ಕಾಂಪೌಂಡ್ ಹಚ್ಚಿ ತಿಕ್ಕಿಸಿದರೆ ಮೇಣದ ಜೊತೆ ಇದೂ ಸವೀತದೆ. ಸವೆದದ್ದು ವಾಪಸ್ ಬರೋದಿಲ್ಲ.

ಹೀಗೆ ಹಚ್ಚಿದ್ದನ್ನ ತೆಗೆಯೋ ಪಾಡು ನಮ್ಮ ಸೀಮೆಯ ಚರಿತ್ರೆಯಲ್ಲೂ ಇದೆ. ಇವತ್ತಿನ ರಾಯಚೂರು ಜಿಲ್ಲೆಯಂತೆ ಅಜಂತಾ ಕೂಡ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. 1914ರಲ್ಲಿ ಶುರುವಾದ ಸಂಸ್ಥಾನದ ಪುರಾತತ್ವ ಇಲಾಖೆಗೆ ಗುಲಾಂ ಯಾಜ್ದಾನಿ ಮುಖ್ಯಸ್ಥರು. ಅಜಂತಾದ ಚಿತ್ರಗಳು ಗೋಡೆಯಿಂದ ಹಕ್ಕಳೆ ಏಳ್ತಿದ್ದವು ಅಂತ 1920-22ರಲ್ಲಿ ಇಟಲಿಯಿಂದ ಲೊರೆಂಜೊ ಚೆಕ್ಕೋನಿ ಅವರನ್ನೂ ಅವರ ಸಹಾಯಕರನ್ನೂ ಕರೆಸಿದರು. ಏಳ್ತಿದ್ದ ಬಣ್ಣವನ್ನ ಅವರು ಅಂಟಿಸಿ ನಿಲ್ಲಿಸಿದರು, ಮೇಲೆ ಅರಗಿನ ವಾರ್ನಿಷ್ ಬಳಿದರು. ಅದಕ್ಕೂ ಮೊದಲು 19ನೇ ಶತಮಾನದಲ್ಲಿ ಚಿತ್ರಗಳ ಪ್ರತಿ ತೆಗೆಯಲು ಬಂದವರೂ ವಾರ್ನಿಷ್ ಹಚ್ಚಿದ್ದರು. ಹಚ್ಚಿದವರ ಉದ್ದೇಶ ಒಳ್ಳೆಯದೇ. ಆದರೆ ಅರಗು ವರ್ಷ ಕಳೆದಂತೆ ಹಳದಿಯಾಯ್ತು, ಧೂಳು ಹಿಡೀತು, ಕೆಳಗಿನ ನೀಲಿ-ಹಸಿರು ಕಾಣದಂತಾಯ್ತು. ಮುಂದೆ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ರಸಾಯನಶಾಸ್ತ್ರಜ್ಞರು ಅದನ್ನ ದ್ರಾವಕಗಳಿಂದ ಸ್ವಲ್ಪ ಸ್ವಲ್ಪವಾಗಿ ತೆಗೆಯಬೇಕಾಯ್ತು. ಬಳಿಯೋಕೆ ಹಿಡಿದಿದ್ದು ಎರಡು ಚಳಿಗಾಲ, ತೆಗೆಯೋ ಕೆಲಸ ದಶಕಗಟ್ಟಲೆ ನಡೆಯಿತು.

ಅವರ ಕೆಲಸದ ಸೂತ್ರ ಕಾರಿಗೂ ಹೊಂದುತ್ತೆ. ಮೇಲಿನದನ್ನು ಮಾತ್ರ ಕರಗಿಸೋ, ಕೆಳಗಿನದನ್ನು ಮುಟ್ಟದ ದ್ರಾವಕ ಬೇಕು. ಮೊದಲು ಕಣ್ಣಿಗೆ ಬೀಳದ ಮೂಲೆಯಲ್ಲಿ ಪರೀಕ್ಷೆ, ಆಮೇಲೆ ಅಂಗೈ ಅಗಲದಷ್ಟೇ ಜಾಗ.

ಮರುದಿನ ನಾನು ಮಾಡಿದ್ದು ಇದನ್ನೇ. ಕಾರನ್ನ ಬೇವಿನ ಮರದ ನೆರಳಿಗೆ ತಂದು, ಬಾನೆಟ್ ತಣ್ಣಗಾಗೋವರೆಗೂ ಕಾದೆ. ಮೊದಲು ಬರೀ ನೀರು ಹಾಯಿಸಿ ಮಣ್ಣು ಇಳಿಸಿದೆ, ಇಲ್ಲದಿದ್ದರೆ ಮರಳೇ ಗೀರು ಎಳೀತದೆ. ಎರಡು ಬಕೆಟ್: ಒಂದರಲ್ಲಿ ಕಾರ್ ಶಾಂಪೂ, ಇನ್ನೊಂದರಲ್ಲಿ ಬಟ್ಟೆ ಜಾಲಿಸೋ ನೀರು. ಬಿಳಿ ಕಲೆಯೆಲ್ಲ ಮೇಣವಲ್ಲ ಅಂತ ಗೊತ್ತಾಗಿದ್ದೂ ಆಗಲೇ. ನಮ್ಮ ಬೋರಿನ ಗಡಸು ನೀರಿನ ಕಲೆ, ನೀರು ಬೆರೆಸಿದ ವಿನೆಗರಿಗೆ ಬಿಡ್ತದೆ. ಮೇಣ ಅದಕ್ಕೆ ಜಗ್ಗೋದಿಲ್ಲ. ಉಳಿದ ಹಕ್ಕಳೆಗೆ ಮೈಕ್ರೋಫೈಬರ್ ಬಟ್ಟೆಗೆ ಸ್ವಲ್ಪವೇ ಮಿನರಲ್ ಟರ್ಪೆಂಟೈನ್ ಮುಟ್ಟಿಸಿ, ಒತ್ತದೆ ಒರೆಸಿದೆ. ರಬ್ಬರ್, ಪ್ಲಾಸ್ಟಿಕ್ ಅಂಚಿಗೆ ಮೊದಲೇ ಟೇಪ್ ಅಂಟಿಸಿದ್ದೆ. ಹತ್ತಿರ ಬೀಡಿ, ಬೆಂಕಿ ಇಲ್ಲ. ಸಂದಿಗೆ ಮೆತ್ತನೆ ಬ್ರಷ್. ಪ್ರತಿ ಭಾಗ ಮುಗಿದ ಮೇಲೆ ಮತ್ತೆ ಶಾಂಪೂ, ನೀರು. ನೀರು ಮುತ್ತಾಗಿ ನಿಂತರೆ ಮೇಣ ಇನ್ನೂ ಇದೆ. ಹಾಳೆಯಂತೆ ಹರಡಿ ಇಳಿದರೆ ಹೋಯ್ತು ಅಂತ ಲೆಕ್ಕ.

"ಚಿಮಣಿ ಎಣ್ಣಿ ಹಾಕಿದ್ರ ಒಂದ್ ತಾಸಿನ ಕೆಲಸ" ಅಂದರು ಅಪ್ಪ. ಅದು ಜಿಡ್ಡು ಬಿಡ್ತದೆ, ರಬ್ಬರ್ ಉಬ್ಬಿಸ್ತದೆ ಅಂದೆ. ಸಂಜೆ ಹೊತ್ತಿಗೆ ನೀಲಿ ಬಣ್ಣ ಕಂಡಿತು. ಆಮೇಲೆ ಒಂದೇ ಒಂದು ತೆಳು ಕೈ ಮೇಣ, ಅಷ್ಟೇ. ಅಜ್ಜಿಯ ಹೆಸರಿಗೆ ಟೇಪ್ ಹಚ್ಚಿ, ಅದರ ಹತ್ತಿರಕ್ಕೂ ಹೋಗಲಿಲ್ಲ.

ವಾಪಸ್ ಹೊರಡೋ ಮೊದಲು ಮಸ್ಕಿಯ ಬೆಟ್ಟಕ್ಕೆ ಹೋದೆ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿ ಓದಿದ ಮೇಲೂ ಬಂಡೆಗಳಲ್ಲಿ ಸಿಗುತ್ತಿದ್ದದ್ದು 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಅನ್ನೋ ಬಿರುದುಗಳಷ್ಟೇ. ಆತನೇ ಅಶೋಕ ಅನ್ನೋದಕ್ಕೆ ಸಿಂಹಳದ ಗ್ರಂಥಗಳ ಆಧಾರ ಇತ್ತು. 1915ರಲ್ಲಿ ಗಣಿ ಎಂಜಿನಿಯರ್ ಸಿ. ಬೀಡನ್ ಕಣ್ಣಿಗೆ ಈ ಬಂಡೆ ಬಿತ್ತು. ಎಚ್. ಕೃಷ್ಣಶಾಸ್ತ್ರಿ ಅದನ್ನು ಓದಿದರು. ಹೈದರಾಬಾದ್ ಪುರಾತತ್ವ ಮಾಲೆಯ ಮೊದಲ ಸಂಚಿಕೆಯೇ ಅದು. ಅಲ್ಲಿ 'ಅಸೋಕಸ' ಅಂತ ಹೆಸರೇ ಇತ್ತು. ಶಾಸನದ ಹಲವು ಅಕ್ಷರಗಳು ಅಳಿಸಿಹೋಗಿವೆ. ಆ ಹೆಸರೂ ಅಳಿಸಿದ್ದರೆ?

ಮನೆಗೆ ಬಂದು, "ಪೇಂಟರ್‌ನ ಕರೆಸಿ ಅಜ್ಜಿ ಹೆಸರು ಮತ್ತೆ ಬರೆಸೋಣ ಅಪ್ಪಾ" ಅಂದೆ. ಅಪ್ಪ ಅರ್ಧ ಅಕ್ಷರದ ಮೇಲೆ ಬೆರಳಾಡಿಸಿದರು.

"ಬ್ಯಾಡ. ಅಕಿ ಕಂಡಾಗ ಬರೆದವನ ಕೈ ಅದು. ಓದಾಕ ಬರ್ತದಲ್ಲ, ಸಾಕು."