ತೊಂಬತ್ತೈದು ರೂಪಾಯಿಯ ಷೇರು



ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ತಾಲ್ಲೂಕಿನ ಕೆಂಚನಗುಡ್ಡ ತುಂಗಭದ್ರೆಯ ದಂಡೆಯ ಮೇಲಿದೆ. ಸುತ್ತಲೂ ಭತ್ತದ ಸೀಮೆ. ನಾಟಿಯ ದಿನ ಸುಗ್ಗಿಯ ಧಾರಣೆ ಎಷ್ಟಾದೀತೆಂದು ಅಲ್ಲಿನ ರೈತ ಹೇಳಲಾರ. ಆದರೂ ಅವನು ನೆಲ, ನೀರು, ಬೀಜ ಮೂರನ್ನೂ ನೋಡಿಯೇ ಗದ್ದೆಗಿಳಿಯುತ್ತಾನೆ. ಸಣ್ಣ ಕಂಪನಿಯೊಂದರ ಷೇರಿಗೆ ಹಣ ಹಾಕುವವನ ಸ್ಥಿತಿಯೂ ಇಂಥದೇ. ಇದಕ್ಕೆ ನಮ್ಮ ರಾಜ್ಯದ ಚರಿತ್ರೆಯಲ್ಲೇ ಒಂದು ಉದಾಹರಣೆಯಿದೆ.

1981ರಲ್ಲಿ ಏಳು ಮಂದಿ ಇಂಜಿನಿಯರುಗಳು 10,000 ರೂಪಾಯಿ ಬಂಡವಾಳದಿಂದ ಪುಣೆಯಲ್ಲಿ ಇನ್ಫೋಸಿಸ್ ಕಂಪನಿಯನ್ನು ಆರಂಭಿಸಿದರು. ಶಿಡ್ಲಘಟ್ಟದಲ್ಲಿ ಹುಟ್ಟಿದ ಎನ್.ಆರ್. ನಾರಾಯಣಮೂರ್ತಿಯವರು ಅವರ ಮುಂದಾಳು. 1983ರಲ್ಲಿ ಕಂಪನಿ ಬೆಂಗಳೂರಿಗೆ ಬಂತು. ಹೊರದೇಶದಿಂದ ಕಂಪ್ಯೂಟರ್ ತರಿಸಲು ಸರ್ಕಾರದ ಪರವಾನಗಿಗಾಗಿ ಕಾಯಬೇಕಾಗಿದ್ದ ಕಾಲವದು. 1990ರಲ್ಲಿ ಹತ್ತು ಲಕ್ಷ ಡಾಲರಿಗೆ ಕಂಪನಿಯನ್ನು ಮಾರುವ ಪ್ರಸ್ತಾಪ ಸ್ಥಾಪಕರ ಮುಂದಿತ್ತು. ಕೆಲವರು ಮಾರಿಬಿಡೋಣವೆಂದರು. ನಿಮ್ಮ ಪಾಲುಗಳನ್ನು ನಾನೇ ಕೊಳ್ಳುತ್ತೇನೆಂದು ನಾರಾಯಣಮೂರ್ತಿಯವರು ಹೇಳಿದ ಮೇಲೆ ಎಲ್ಲರೂ ಉಳಿದರು. ಕಂಪನಿ ಕಟ್ಟಿದವರಿಗೇ ಅದರ ಭವಿಷ್ಯ ಖಚಿತವಿರಲಿಲ್ಲ ಎಂಬುದನ್ನು ಗಮನಿಸಿ.

1991ರ ಆರ್ಥಿಕ ಸುಧಾರಣೆ ಪರಿಸ್ಥಿತಿಯನ್ನು ಬದಲಿಸಿತು. ಅದುವರೆಗೆ ಹೊಸ ಷೇರುಗಳ ಬೆಲೆ ಸರ್ಕಾರದ ನಿಯಂತ್ರಣದಲ್ಲಿತ್ತು; 1992ರಲ್ಲಿ ಆ ನಿಯಂತ್ರಣ ರದ್ದಾಯಿತು. ಅದೇ ವರ್ಷ ಹರ್ಷದ್ ಮೆಹ್ತಾ ಹಗರಣ ಬಯಲಾಗಿ ಷೇರುಪೇಟೆ ಕುಸಿದು ಜನರ ನಂಬಿಕೆಯೂ ಕುಸಿಯಿತು.

ಇಂಥ ವೇಳೆಯಲ್ಲಿ, 1993ರ ಫೆಬ್ರವರಿಯಲ್ಲಿ, ಇನ್ಫೋಸಿಸ್ ಸಾರ್ವಜನಿಕರ ಮುಂದೆ ಬಂತು. ಹತ್ತು ರೂಪಾಯಿ ಮುಖಬೆಲೆಯ ಷೇರಿಗೆ 95 ರೂಪಾಯಿ. ಕಾರ್ಖಾನೆಯಿಲ್ಲದ, ಯಂತ್ರಗಳ ಸದ್ದಿಲ್ಲದ ಕಂಪನಿಗೆ ಇಷ್ಟು ಬೆಲೆಯೇ ಎಂದು ಹಲವರು ಹಿಂಜರಿದಿದ್ದರೆ ಆಶ್ಚರ್ಯವಿಲ್ಲ. ಷೇರುಗಳು ಪೂರ್ತಿ ಮಾರಾಟವಾಗಲಿಲ್ಲ. ಅಮೆರಿಕದ ಮಾರ್ಗನ್ ಸ್ಟಾನ್ಲಿ ಸಂಸ್ಥೆ ಅದೇ ಬೆಲೆಗೆ ಶೇಕಡಾ 13ರಷ್ಟು ಪಾಲನ್ನು ಕೊಂಡಿತು. ಜೂನ್ ತಿಂಗಳಲ್ಲಿ ಷೇರುಪೇಟೆಯಲ್ಲಿ ವಹಿವಾಟು ಆರಂಭವಾದಾಗ ಬೆಲೆ 145 ರೂಪಾಯಿ. 1999ರಲ್ಲಿ ಈ ಕಂಪನಿ ಅಮೆರಿಕದ ನಾಸ್ಡಾಕ್ ಪೇಟೆಯನ್ನೂ ಪ್ರವೇಶಿಸಿತು.

ಈಗ ಒಂದು ಲೆಕ್ಕ ಮಾಡಿ. 1993ರಲ್ಲಿ 9,500 ರೂಪಾಯಿ ಕೊಟ್ಟು 100 ಷೇರು ಕೊಂಡವರು ಅವನ್ನು ಮಾರದೆ ಇಟ್ಟುಕೊಂಡಿದ್ದರೆ, ಬೋನಸ್ ಷೇರುಗಳೂ ಷೇರು ವಿಭಜನೆಯೂ ಸೇರಿ 2018ರ ಹೊತ್ತಿಗೆ ಅವು 1,02,400 ಆಗುತ್ತಿದ್ದವು!

ಹಾಗಾದರೆ ಅಂದು ಕೊಂಡವರೆಲ್ಲ ಜಾಣರು, ಬಿಟ್ಟವರೆಲ್ಲ ದಡ್ಡರೇ? ಹಾಗೆ ತೀರ್ಪು ಕೊಡುವುದು ಸರಿಯಲ್ಲ. ನಮಗೆ 2018 ಗೊತ್ತು. ಅವರಿಗೆ 1993 ಮಾತ್ರ ಗೊತ್ತಿತ್ತು. 145ಕ್ಕೆ ಮಾರಿದವನಿಗೂ ಕೆಲವೇ ತಿಂಗಳಲ್ಲಿ ಹಣ ಒಂದೂವರೆ ಪಟ್ಟಾಗಿತ್ತು. ಅವನನ್ನು ಹಳಿಯುವುದು ಹೇಗೆ?

ಇದೇ ದಶಕದ ಇನ್ನೊಂದು ಮುಖವನ್ನೂ ನೋಡಬೇಕು. ಜನರಿಂದ ಹಣ ಸಂಗ್ರಹಿಸಿ ವಿಳಾಸವಿಲ್ಲದಂತಾದ ಕಂಪನಿಗಳು ಎಷ್ಟೋ. ಅವುಗಳನ್ನು ಹುಡುಕಲು ಸರ್ಕಾರ ಪಟ್ಟಿಯನ್ನೇ ಮಾಡಬೇಕಾಯಿತು. 1999ರ ಹೊತ್ತಿಗೆ ಸಾಫ್ಟ್‌ವೇರ್ ಎಂಬ ಹೆಸರಿದ್ದರೆ ಸಾಕು, ಷೇರಿನ ಬೆಲೆ ಏರುವ ಹುಚ್ಚು ಹಬ್ಬಿತ್ತು. 2000ದಲ್ಲಿ ಅಮೆರಿಕದಲ್ಲಿ ಆ ಗುಳ್ಳೆ ಒಡೆಯಿತು. ಇಲ್ಲಿಯೂ ಬೆಲೆಗಳು ನೆಲ ಕಚ್ಚಿದವು. ಇನ್ಫೋಸಿಸ್ ಷೇರು ಕೂಡ ತೀವ್ರವಾಗಿ ಇಳಿಯಿತು. ಗೆದ್ದ ಒಂದು ಕಂಪನಿಯ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಸೋತವುಗಳಲ್ಲಿ ಹಣ ಕಳೆದುಕೊಂಡ ಕುಟುಂಬಗಳ ಕಥೆ ಕೇಳಿಬರುವುದು ಕಡಿಮೆ.

ಹೂಡಿಕೆಗೂ ಸಟ್ಟಾಕ್ಕೂ ಇರುವ ವ್ಯತ್ಯಾಸ ಇಲ್ಲಿ ತಿಳಿಯುತ್ತದೆ. ಬೆಲೆ ಏರೀತೆಂಬ ಒಂದೇ ಆಸೆಯಿಂದ ಕೊಳ್ಳುವುದು ಸಟ್ಟಾ. ಕಂಪನಿ ಏನು ಮಾರುತ್ತದೆ, ಯಾರಿಗೆ ಮಾರುತ್ತದೆ, ಲಾಭವೆಷ್ಟು, ಸಾಲವೆಷ್ಟು ಎಂದು ವಿಚಾರಿಸಿ, ನಷ್ಟವಾದರೂ ಮನೆ ನಡೆಯುವಷ್ಟು ಉಳಿಸಿಕೊಂಡು ಹಣ ಹಾಕುವುದು ಹೂಡಿಕೆ. ಎರಡರಲ್ಲೂ ಅಪಾಯವಿದೆ, ಎರಡನೆಯದರಲ್ಲಿ ಅಪಾಯದ ಅರಿವೂ ಇದೆ.

ಹೊಸ ಷೇರು ಮಾರುವ ಕಂಪನಿಗಳು ಸೆಬಿಗೆ ಸಲ್ಲಿಸುವ ವಿವರಣ ಪತ್ರವನ್ನು ಯಾರು ಬೇಕಾದರೂ ಓದಬಹುದು. ಒಂದನ್ನು ತೆಗೆದುಕೊಂಡು ಅಧ್ಯಾಪಕರ ಜತೆ ಕುಳಿತು ಓದಿ. ಮೊದಲು ಅಪಾಯಗಳನ್ನು ಹೇಳುವ ಪುಟಗಳನ್ನು ತೆರೆಯಿರಿ.